ಅಪ್ಪನ ನೂರನೆಯ ಪಂದ್ಯ

ಹಾರ್ಶಮ್, ವಿಕ್ಟೋರಿಯಾ
ಭಾನುವಾರ

ಗ್ಯಾರಿಟಿಯವರಿಗೆ,

ಸಹಿ ಕೇಳಿ ನಿಮ್ಮ ಫುಟ್ಬಾಲ್ ಕ್ಲಬ್ ಕಳಿಸಿದ ಕಾಗದ ತಲುಪಿದೆ. ಅಪ್ಪ ನೂರು ಪಂದ್ಯ ಆಡಿದ್ದರೆ ಮಾತ್ರ ಮಗ ಆ ಕ್ಲಬ್ಬನ್ನು ಆರಿಸಿಕೊಳ್ಳಬಹುದು, ಇಲ್ಲದಿದ್ದರೆ ಸರದಿಯಲ್ಲಿ ಮೊದಲು ಕರೆದ ಕ್ಲಬ್ಬಿಗೆ ಹೋಗಬೇಕು ಎಂಬ ನಿಯಮ ನನಗೆ ಗೊತ್ತು. ನಮ್ಮಪ್ಪನನ್ನು ನೀವು ತೊಂಬತ್ತೊಂಬತ್ತಕ್ಕೇ ಮನೆಗೆ ಕಳಿಸಿದ್ದೂ ಗೊತ್ತು. ಹೋದ ತಿಂಗಳು ನಾನು ಆರು ಗೋಲು ಹೊಡೆದ ಮೇಲೆ ನಿಮ್ಮ ಕಡತದಲ್ಲಿ ನೂರನೆಯದು ಹೇಗೆ ಸಿಕ್ಕಿತು?

ಅಪ್ಪನನ್ನು ಕೇಳಿದೆ. "ಅವತ್ತು ಕೋಟು ಹಾಕ್ಕೊಂಡು ಬೆಂಚ್ ಮೇಲೇ ಕೂತಿದ್ದೆ ಕಣೋ. ಮೈದಾನಕ್ಕೆ ಕಾಲೇ ಇಡ್ಲಿಲ್ಲ. ಈಗ ಆಡಿದೀನಂತಾ?" ಎಂದು ನಕ್ಕರು. ಆಮೇಲೆ ಹೋಗಿ ಹಳೆಯ ಬೂಟುಗಳ ಧೂಳು ಒರೆಸಿದರು.

ನೂರು ಆಡಿದವರ ಹೆಸರನ್ನು ನೀವು ಲಾಕರ್ ಬಾಗಿಲ ಮೇಲೆ ಬರೆಸುತ್ತೀರಂತೆ. ಅಪ್ಪನದನ್ನೂ ಬರೆಸಿ, ಸೀಮೆಸುಣ್ಣದಲ್ಲಲ್ಲ, ಬಣ್ಣದಲ್ಲಿ. ಒಣಗಿದ ಮೇಲೆ ಬಂದು, ಬೆರಳಿಂದ ಉಜ್ಜಿ ನೋಡಿ, ಸಹಿ ಹಾಕುತ್ತೇನೆ.

ಇಂತಿ,
ಡೆಸ್ ಟ್ರೆವಿನ್ ಅವರ ಮಗ
ಲಾಕ್ಲನ್