ಎಐ ಕೆಟ್ಟು ನಿಂತ ಮಧ್ಯಾಹ್ನ

ಅತ್ತಿಗೆ, ಸುಖವಾಗಿ ತಲುಪಿ ಕೆಲಸಕ್ಕೆ ಸೇರಿದೆ. ಆದರೆ ಇಲ್ಲಿಯ ರೀತಿ ನೋಡಿ ತಲೆ ಕೆಟ್ಟುಹೋಗಿದೆ. ವೆಬ್‌ಸೈಟ್ ಮಾಡಿಕೊಡುವ ಈ ಆಫೀಸಿನಲ್ಲಿ ಯಾರೂ ಕೋಡ್ ಬರೆಯುವುದಿಲ್ಲ. ಏನು ಬೇಕೆಂದು ಎಐಗೆ ಹೇಳುತ್ತಾರೆ, ಅದು ಬರೆಯುತ್ತದೆ, ಇವರು 'ಸರಿ' ಒತ್ತುತ್ತಾರೆ. ನಿನ್ನೆ ಮಧ್ಯಾಹ್ನ ಎಐ ಕೆಟ್ಟು ನಿಂತಿತು. ಎಲ್ಲರೂ ಕರೆಂಟ್ ಹೋದಾಗ ಏಳುವಂತೆ ಎದ್ದು ಕಾಫಿಗೆ ಹೊರಟರು. ಅದೇ ಹೊತ್ತಿಗೆ ಒಂದು ಆಸ್ಪತ್ರೆಯ ಸೈಟಿನಲ್ಲಿ ಡಾಕ್ಟರ ಸಮಯ ಕಾದಿರಿಸುವ ಬಟನ್ ಸತ್ತುಹೋಗಿತ್ತು, ಅಲ್ಲಿಂದ ಫೋನಿನ ಮೇಲೆ ಫೋನು. ನಾನೇ ಕೂತು ಅದನ್ನು ಸರಿಮಾಡುವ ನಾಲ್ಕು ಸಾಲು ಕೋಡ್ ಬರೆದೆ. ತಿರುಗಿದರೆ ಬೆನ್ನ ಹಿಂದೆ ಕಾಫಿ ಕುಡಿದು ಬಂದ ಜನ, ಕರಡಿ ಆಡಿಸುವುದನ್ನು ನೋಡುವ ಹಾಗೆ.

"ಕೈಯಲ್ಲೇ ಬರೆದ್ರಾ?" ಎಂದರು ಮ್ಯಾನೇಜರಮ್ಮ. ಹೊಗಳುತ್ತಾರೆ ಅಂದುಕೊಂಡೆ. "ಹಾಗೆಲ್ಲ ಸೈಟಿಗೆ ಹಾಕೋಕಾಗಲ್ಲಮ್ಮ. ಇದು ಸರಿಯಿದೆ ಅಂತ ಓದಿ ಹೇಳೋಕೆ ನಮ್ಮಲ್ಲಿ ಯಾರಿದ್ದಾರೆ?"

ಎಐ ಮತ್ತೆ ಎದ್ದು ಕೂರುವ ತನಕ ಆಸ್ಪತ್ರೆಯವರು ಕಾದರು. ಅದು ನನ್ನ ಸಾಲುಗಳನ್ನು ಓದಿ ಸರಿಯಿದೆ ಎಂದಮೇಲೆ ಎಲ್ಲರೂ ನಿಟ್ಟುಸಿರು ಬಿಟ್ಟರು.

ವೆಬ್ ಕೋರ್ಸಿಗೆ ಸೇರಲೋ ಬೇಡವೋ ಎಂದು ಕೇಳಿದ್ದಿರಿ. ಸೇರಿ, ಆದರೆ ಬರೆಯುವುದಕ್ಕಿಂತ ಮೊದಲು ಓದಿ ತಪ್ಪು ಹಿಡಿಯುವುದನ್ನು ಕಲಿಯಿರಿ. ಇಂದಿನಿಂದ ಎಐ ಬರೆದದ್ದನ್ನೆಲ್ಲ ಓದುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಟೈಪ್ ಮಾಡಿ ಬೆರಳು ನೋಯುತ್ತದೆಂದು ನೀವು ಕೊಟ್ಟ ಎಣ್ಣೆ ಸೀಸೆಯ ಮುಚ್ಚಳವನ್ನೇ ತೆಗೆದಿಲ್ಲ. ಕಣ್ಣುರಿಗೆ ಏನಾದರೂ ಇದ್ದರೆ ಬೇಗ ಕಳಿಸಿ. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿಮ್ಮ ನಾದಿನಿ