ಸಾಯಬೇಕಾಗಿದ್ದ ನೂರಾ ಮೂರು ಮುದುಕಿಯರು

ಹಲಬರ್ಗಾ
ತಾ. 17-3-1957, ರವಿವಾರ

ನನ್ನ ಅಣ್ಣನ ಮಗಳು, ಔರಾದ ಸಾಲಿಯ ಮಾಸ್ತರಿಣಿ ಚಿ. ಶಾಲುಬಾಯಿಗೆ ನಿನ್ನ ಮಡೆಪ್ಪ ಕಾಕಾನ ಹೊಟ್ಟೆತುಂಬ ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ಊರ ಜನನ-ಮರಣದ ಪುಸ್ತಕದಲ್ಲಿ ನಿನ್ನ ಕಾಕಾ ಸುಳ್ಳು ಬರೆದು ಸಿಕ್ಕಿಬಿದ್ದನೆಂದು ಔರಾದ ಬಸ್‌ ಸ್ಟ್ಯಾಂಡಿನಲ್ಲಿ ಮಾತಾಡುತ್ತಾರೆ, ತಲೆಯೆತ್ತಿ ಸಾಲಿಗೆ ಹೋಗುವುದು ಹ್ಯಾಂಗ ಎಂದು ಕೇಳಿದ್ದೀ. ಸಿಕ್ಕಿಬಿದ್ದದ್ದು ಖರೇ. ಸುಳ್ಳು ಬರೆದದ್ದೂ ಖರೇ. ಆದರೆ ಪೂರ್ತಿ ಓದಿದ ಮೇಲೆ ನೀನು ತಲೆ ಎತ್ತುವುದಷ್ಟೇ ಅಲ್ಲ, ಕುತ್ತಿಗೆ ನೋಯುವ ತನಕ ಎತ್ತಿಕೊಂಡು ತಿರುಗುತ್ತೀ.

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಆದರೂ ಮೂವತ್ತೊಂದು ವರ್ಷ ಆ ಪುಸ್ತಕ ನನ್ನ ಕೈಯಲ್ಲಿತ್ತು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಬರೆದೆ, ಈಗ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡದಲ್ಲಿ. ಭಾಲ್ಕಿ ತಾಲೂಕಿನಲ್ಲಿ ನನ್ನಂಥ ದುಂಡಕ್ಷರ ಯಾರದೂ ಇಲ್ಲ. ಇದು ಜಂಬವಲ್ಲ, ನೋಡಿದವರು ಹೇಳಿದ್ದು.

ಹೋದ ತಿಂಗಳು ಬೀದರಿಗೆ ಸಾವಿನ ಲೆಕ್ಕ ನೋಡುವ ಹೊಸ ಸಾಹೇಬರು ಬಂದರು. ಮೈಸೂರು ಕಡೆಯವರು, ಮಾತು ಬೆಣ್ಣೆಯಂಥದು. ಸಾವಿರ ಮಂದಿ ಮುದುಕಿಯರಿದ್ದರೆ ವರ್ಷಕ್ಕೆ ಅರವತ್ತು ಮಂದಿಯಾದರೂ ಸಾಯಬೇಕು ಎಂಬುದು ಅವರ ಲೆಕ್ಕ. ನಮ್ಮೂರ ಪಟ್ಟಿಯಲ್ಲಿ ಅರವತ್ತು ದಾಟಿದ ಹೆಂಗಸರು ಇನ್ನೂರಾ ಹದಿನಾಲ್ಕು. ಅಂದರೆ ಎಂಟು ವರ್ಷದಲ್ಲಿ ನೂರಾ ಮೂರು ಮಂದಿ ಸಾಯಬೇಕಿತ್ತು. ನಾನು ಬರೆದದ್ದು ಇಪ್ಪತ್ತೇಳು ಸಾವು. ಉಳಿದವರನ್ನು ಬರೆಯದೆ ಮಲಗಿದ್ದೀರೋ, ಇಲ್ಲಾ ನಿಮ್ಮೂರಲ್ಲಿ ಅಮೃತ ಸಿಗುತ್ತದೋ, ಗುರುವಾರ ಬಂದು ಎಲ್ಲ ಮುದುಕಿಯರನ್ನೂ ಕಣ್ಣಾರೆ ನೋಡುತ್ತೇನೆ, ತಪ್ಪಿದ್ದರೆ ಪುಸ್ತಕ ಕಸಿದುಕೊಳ್ಳುತ್ತೇನೆ ಎಂದು ಕಾಗದ ಬರೆದರು.

ಅಷ್ಟೊಂದು ಮುದುಕಿಯರು ಎಲ್ಲಿಂದ ಬಂದರು, ಕೇಳು. ನಿಜಾಮರ ರಾಜ್ಯ ಮುಳುಗಿದ ಗಡಬಡಿಯ ವರ್ಷ ನಿನಗೆ ಹದಿನಾಲ್ಕು. ಮೊದಲು ಒಂದು ಬಂದೂಕಿನ ಗುಂಪು ಊರಿಗೆ ಬಂತು. ಅದು ಹೋದ ಮೇಲೆ ಅದರ ವೈರಿಗಳ ಗುಂಪು. ಇಬ್ಬರೂ ಕೇಳಿದ್ದು ಒಂದೇ: ಯಾವ ಮನೆಯಲ್ಲಿ ಎಷ್ಟು ವಯಸ್ಸಿನ ಹೆಣ್ಣುಮಕ್ಕಳಿದ್ದಾರೆ, ಪಟ್ಟಿ ತೋರಿಸು. ಮೊದಲ ಗುಂಪು ಬರುವ ಸುದ್ದಿ ಹಿಂದಿನ ದಿನವೇ ಸಿಕ್ಕಿತ್ತು. ನಾನು ಬುದ್ಧಿ ಓಡಿಸಿದೆ. ಸೊಸೆಗೆ ಅತ್ತೆಯ ವಯಸ್ಸು, ಮದುವೆಯಾಗದ ಹುಡುಗಿಗೆ ಅಜ್ಜಿಯ ವಯಸ್ಸು ಬರೆದು ಹೊಸ ಪಟ್ಟಿ ಮಾಡಿದೆ. ನೂರಾ ಐವತ್ತೊಂದು ಹೆಂಗಸರು ಒಂದೇ ದಿನದಲ್ಲಿ ಮುದುಕಿಯರಾದರು. ನೀನು ಅರವತ್ತೊಂದರವಳಾದೆ. ಹುಡುಗಿಯರು ಜೋಳದ ಹೊಲದಲ್ಲಿ ಅಡಗಿದ್ದರು. ಬಂದವರು ಪಟ್ಟಿ ನೋಡಿ, ಇದೆಂಥ ಮುದುಕಿಯರ ಊರು ಎಂದು ಉಗುಳಿ ಹೋದರು. ಎರಡನೇ ಗುಂಪೂ ಹಾಗೆಯೇ ಹೋಯಿತು. ನಮ್ಮ ನೆರೆಮನೆಯ ಸುಭದ್ರಾಬಾಯಿಯೂ ಉಳಿದಳು, ಉಸ್ಮಾನ ಮಿಯಾನ ಮನೆಯ ಹೆಣ್ಣುಮಕ್ಕಳೂ ಉಳಿದರು.

ಮುಂದೆ ಅದೇ ಪಟ್ಟಿ ಭಾಲ್ಕಿ ಕಚೇರಿಗೆ ಹೋಗಿ ಪಕ್ಕಾ ಆಯಿತು. ತಿದ್ದಿಸೋಣವೆಂದರೆ ಒಬ್ಬ ಹೆಂಗಸೂ ಒಪ್ಪಲಿಲ್ಲ. ಇರಲಿ ಕಾಕಾ, ಮತ್ತ ಯಾರು ಬರ್ತಾರೋ ಏನೋ ಎಂದರು. ಹಾಗೇ ಎಂಟು ವರ್ಷ ಹೋಯಿತು.

ಗುರುವಾರ ಸಾಹೇಬರು ಚಾವಡಿಯಲ್ಲಿ ಕುರ್ಚಿ ಹಾಕಿ ಕೂತು ಮೊದಲ ಹೆಸರು ಕರೆದರು. ಶಮೀಮ, ಉಸ್ಮಾನ ಮಿಯಾನ ಸೊಸೆ, ವಯಸ್ಸು ಅರವತ್ತೆಂಟು. ಟೊಂಕದ ಮೇಲೆ ಕೂಸನ್ನು ಕೂಡಿಸಿಕೊಂಡು ಶಮೀಮ ಬಂದಳು.

“ನಿಮ್ಮ ಅಜ್ಜೀನ ಕಳಿಸಮ್ಮ,” ಅಂದರು ಸಾಹೇಬರು.

“ನಾನೇ ರೀ ಸಾಹೇಬ್ರ.”

“ಮತ್ತೆ ಈ ಮಗು?”

“ನಂದೇ ರೀ. ಇದು ಮೂರನೇದು.”

ಸಾಹೇಬರು ಕಣ್ಣಿನ ಚಾಳೀಸು ತೆಗೆದು ಒರೆಸಿದರು. ಎರಡನೆಯವಳು ಸುಭದ್ರಾಬಾಯಿ, ಎಪ್ಪತ್ತು. ತಲೆಯ ಮೇಲಿನ ಹುಲ್ಲಿನ ಹೊರೆ ಇಳಿಸಿ, “ಏನ್ ಮಾಡೂದ್ರಿ, ಸಾಯೂ ವಯಸ್ಸಿನಾಗ ಹೆರ್ಲತ್ತೇವ್ರಿ ನಾವು,” ಅಂದಳು. ಚಾವಡಿಯೇ ನಕ್ಕಿತು. ಸಾಹೇಬರು ನಗಲಿಲ್ಲ.

ಇದನ್ನು ಬರೆದವರಾರು ಎಂದು ಕೇಳಿದರು. ನಾನೇ ರೀ, ನಾನೊಬ್ಬನೇ ಎಂದೆ. ಗಡಬಡಿಯ ಕಥೆ ಎಲ್ಲ ಹೇಳಿದೆ. “ಸುಳ್ಳು ದಾಖಲೆ ಬರೆಯೋದು ಅಪರಾಧ, ಗೊತ್ತಲ್ಲ?” ಅಂದರು. “ಗೊತ್ತದ ರೀ. ಮೂವತ್ತೊಂದು ವರ್ಷದಾಗ ನಾ ಬರದ ಸುಳ್ಳು ಅದೊಂದೇ. ಆದ್ರ ಅದನ್ನ ನೂರಾ ಐವತ್ತೊಂದು ಸಲ ಬರದೀನಿ,” ಅಂದೆ. ಹೀಗೆ ಜವಾಬು ಕೊಡುವುದಕ್ಕೆ ಎಷ್ಟು ಓದಿದರೂ ಸಾಲದು ಮಗಳೇ, ಎದೆ ಬೇಕು.

ಸಾಹೇಬರು ಪಟ್ಟಿ ಮಡಚಿ ಬದಿಗಿಟ್ಟರು. ಆಮೇಲೆ ಹೊಸ ಹಾಳೆ ತೆಗೆದು, ಎಲ್ಲರೂ ನಿಜವಾದ ವಯಸ್ಸು ಹೇಳಿ ಅಂದರು. ನಗುತ್ತಿದ್ದವರೆಲ್ಲ ಸೆರಗು ಹೊದ್ದು ನೆಲ ನೋಡುತ್ತ ನಿಂತರು. ಶಾಕಿರಾ ಬೇಗಂ ಎಂಬಾಕೆ ಉಸ್ಮಾನ ಮಿಯಾನ ತಾಯಿ, ಆಕೆ ಖರೇನೇ ಮುದುಕಿ. ಕೋಲೂರಿ ಮುಂದೆ ಬಂದು, “ಏ ಹುಡುಗ್ಯಾರಾ, ನನ್ನ ವಯಸ್ಸು ನನಗ ವಾಪಸ್ ಕೊಡ್ರಿ. ಎಷ್ಟು ದಿನ ಇಟ್ಗೋತೀರಿ?” ಅಂದಳು.

ಆಗ ಶಮೀಮ ಸಣ್ಣ ದನಿಯಲ್ಲಿ, “ಈಗ ಹೇಳಿದ್ರ ಏನೂ ಆಗೂದಿಲ್ಲಲ್ರಿ?” ಎಂದು ಕೇಳಿದಳು.

“ಏನೂ ಆಗಲ್ಲಮ್ಮ,” ಅಂದರು ಸಾಹೇಬರು.

“ಇಪ್ಪತ್ತಾರು,” ಅಂದಳು ಶಮೀಮ.

ಅಲ್ಲಿಂದ ಹೊತ್ತು ಮುಳುಗುವ ತನಕ ವಯಸ್ಸೇ ವಯಸ್ಸು. ಇಪ್ಪತ್ತೆರಡು, ಮೂವತ್ತು, ಇಪ್ಪತ್ತೊಂಬತ್ತು ಎಂದು ಒಬ್ಬರ ಮೇಲೊಬ್ಬರು ಬಿದ್ದು ಬರೆಸಿದರು. ಕೊನೆಗೆ ಅರವತ್ತು ದಾಟಿದವರಾಗಿ ಉಳಿದದ್ದು ಅರವತ್ತಮೂರು ಮಂದಿ. ಸಾಹೇಬರು ಮತ್ತೆ ಲೆಕ್ಕ ಹಾಕಿದರು. ಎಂಟು ವರ್ಷದಲ್ಲಿ ಸಾಯಬೇಕಿದ್ದದ್ದು ಮೂವತ್ತು, ಸತ್ತದ್ದು ಇಪ್ಪತ್ತೇಳು. ಖರೇ ಲೆಕ್ಕದಲ್ಲಿಯೂ ನಮ್ಮ ಮುದುಕಿಯರು ಮೈಸೂರಿನ ಲೆಕ್ಕಕ್ಕಿಂತ ಮೂರು ಕಡಿಮೆಯೇ ಸತ್ತಿದ್ದಾರೆ. ಇದನ್ನು ನಿಮ್ಮ ಹೆಡ್‌ಮಾಸ್ತರರಿಗೆ ಕೂಗಿ ಹೇಳು.

ಪುಸ್ತಕ ಹೋಯಿತು. ತಪ್ಪು ತಪ್ಪೇ ಎಂದು ಸಾಹೇಬರು ಅದನ್ನು ಸಾಲಿಯ ಗೋರಖನಾಥ ಮಾಸ್ತರನಿಗೆ ಕೊಟ್ಟರು. ಅವನ ಅಕ್ಷರ ಕೋಳಿ ಕೆದರಿದ ಹಾಗಿದೆ. ಆದರೆ ಹೋಗುವಾಗ ಸಾಹೇಬರು ಎದ್ದು ನಿಂತು ನನಗೆ ಕೈ ಮುಗಿದರು. ಬಸ್‌ ಸ್ಟ್ಯಾಂಡಿನವರಿಗೆ ಇದನ್ನೂ ಸೇರಿಸಿ ಹೇಳು.

ಇಂತು ನಿನ್ನ ಕಾಕಾ,
ಮಡೆಪ್ಪ

ತಾ.ಕ.: ಈ ಕಾಗದವನ್ನು ನಿನ್ನ ಕಾಕಿ ಜನಾಬಾಯಿಗೆ ಓದಿ ಹೇಳಿದೆ. ‘ನಾನು ಬುದ್ಧಿ ಓಡಿಸಿದೆ’ ಎಂಬಲ್ಲಿ ಆಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಅದಕ್ಕೆ ನಿನಗೊಬ್ಬಳಿಗೇ ಬರೆಯುತ್ತೇನೆ. ಅಂದು ನಾನು ಹೆದರಿ ಖರೇ ವಯಸ್ಸನ್ನೇ ಬರೆಯುತ್ತ ಕೂತಿದ್ದೆ. ಲೇಖಣಿ ಹಿಡಿದು ನಿಲ್ಲಿಸಿದವಳು ಅವಳು. ಆಕೆಗೆ ಒಂದಕ್ಷರ ಬರುವುದಿಲ್ಲ, ಆದರೆ ಊರಿನ ಎಲ್ಲ ಅತ್ತೆಯರ ವಯಸ್ಸು ಬಾಯಲ್ಲೇ ಇತ್ತು. ಅವಳು ಹೇಳಿದಳು, ನಾನು ಬರೆದೆ. ಗುರುವಾರ ಸಾಹೇಬರು ಯಾರೆಂದು ಕೇಳಿದಾಗ ಆಕೆ ಮುಂದೆ ಬರಲು ಹೊರಟಿದ್ದಳು, ನಾನು ಅಡ್ಡ ನಿಂತೆ. ಹೊಸ ಪಟ್ಟಿಯಲ್ಲಿ ತನ್ನ ವಯಸ್ಸು ನಲವತ್ತೊಂಬತ್ತು ಎಂದು ಬರೆಸಿದ್ದಾಳೆ. ಆಕೆಗೆ ಐವತ್ತಾರು. ನಾನು ತಿದ್ದಿಸಲಿಲ್ಲ. ಪುಸ್ತಕ ಈಗ ನನ್ನದಲ್ಲವಲ್ಲ.