ಸಂಶೋಧನೆಗೆ ಅರ್ಧ ವಾರ

ಅಕ್ಕನ ಪಾದಕ್ಕೆ, ಅರಿವಳಿಕೆ ಡಾಕ್ಟರ್ ತಮ್ಮನ ನಮಸ್ಕಾರ.

ಡಾಕ್ಟರುಗಳಿಗೆ ಸಂಶೋಧನೆ ಮಾಡಲು ಕೊಡುವ ಧನಸಹಾಯದ ಸಂದರ್ಶನ ಇವತ್ತು ಮುಗಿಯಿತು. ಬಾಗಿಲ ಹೊರಗೆ ಬೆಂಚಿನ ಮೇಲೆ ನಾವೆಲ್ಲ ರೋಗಿಗಳ ಹಾಗೆ ಮುದುಡಿ ಕೂತಿದ್ದೆವು. ಹೊರಬಂದವರನ್ನು ಒಬ್ಬ ಸರ್ಜನ್ "ತುಂಬಾ ನೋವಾಗುತ್ತಾ?" ಎಂದು ಕೇಳಿದ. ನೀನಿದ್ದಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದೆ.

ನಾನು ಮಾತು ಶುರುಮಾಡಿದ ಸ್ವಲ್ಪ ಹೊತ್ತಿಗೇ ಹಿರಿಯ ಪ್ರೊಫೆಸರೊಬ್ಬರು ಕಣ್ಣು ಮುಚ್ಚಿದರು. ಇದೇ ಭಾಷಣವನ್ನು ಮನೆಯಲ್ಲಿ ಓದಿ ತೋರಿಸಿದಾಗ ನೀನೂ ತೂಕಡಿಸಿದ್ದೆ. ಔಷಧಿಯಿಲ್ಲದೆ ಮಲಗಿಸುವಂಥ ಕೈಗುಣ ನನ್ನದು! ಅಭ್ಯಾಸಬಲದಿಂದ ಅವರ ಉಸಿರಾಟ ಗಮನಿಸುತ್ತಾ ಕಂಠಪಾಠ ಮಾಡಿದ್ದೆಲ್ಲ ಮರೆತೆ. ಆಗ ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು: "ಅದೆಲ್ಲ ಸರಿ. ಆಪರೇಷನ್ ಥಿಯೇಟರ್ ಕೆಲಸ ಇರುವಾಗ ಈ ಸಂಶೋಧನೆ ನಿಮಗ್ಯಾಕೆ?"

ಬೇರೇನೂ ತೋಚದೆ ನಿಜ ಹೇಳಿಬಿಟ್ಟೆ. "ನಮ್ಮಮ್ಮನ ಸೊಂಟದ ಆಪರೇಷನ್ ಸರಿಯಾಗೇ ಆಯ್ತು ಸಾರ್. ಎಚ್ಚರ ಆದ್ಮೇಲೆ ಅಕ್ಕನ್ನ ನೋಡಿ 'ಯಾರಮ್ಮ ನೀನು?' ಅಂದ್ರು. ವಾರ ಪೂರ್ತಿ ಹಾಗೇ. ಯಾಕೆ ಅಂತ ಅಕ್ಕ ಕೇಳಿದ್ರೆ ನನ್ಹತ್ರ ಉತ್ತರ ಇರ್ಲಿಲ್ಲ."

ಅವರು ಕಣ್ಣು ತೆರೆದರು. "ಇದನ್ನ ಮೊದಲೇ ಹೇಳೋದಲ್ವೇನ್ರಿ?"

ಸಂಜೆ ತಿಳಿಯಿತು, ಸಿಕ್ಕಿತು ಅಕ್ಕ! ಇನ್ನು ಐದು ವರ್ಷ ಅರ್ಧ ವಾರ ಥಿಯೇಟರ್. ಇನ್ನರ್ಧ ವಾರ, ಆಪರೇಷನ್ ಆಗಿ ಎದ್ದ ವಯಸ್ಸಾದವರ ಪಕ್ಕ ಕೂತು ಅವರ ಮಾತು ಕೇಳುವ ಕೆಲಸ.

ಹೊಸ ಬೂಟು ಕಚ್ಚಿ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿದೆ, ಉಳಿದಂತೆ ಆರೋಗ್ಯ. ಅಮ್ಮನಿಗೆ ನೀನೇ ಹೇಳು. ನಾನು ಹೇಳಿದರೆ, "ನಿನ್ನ ಓದು ಇನ್ನೂ ಮುಗೀಲಿಲ್ವೇನೋ?" ಅಂತಾಳೆ.

ಕಾರ್ಡಿನಲ್ಲಿ ಜಾಗವಿಲ್ಲ.
ನಿನ್ನ ತಮ್ಮ